ತಲೆಕೆಳಗು ಮೇಷ್ಟ್ರು

ನಮ್ಮನೆಯವರಿಗೆ ಹಳ್ಳಿಯ ಪಶು ಆಸ್ಪತ್ರೆಗೆ ವರ್ಗವಾದಾಗ ನನ್ನನ್ನು ಮೊದಲು ಹಿಡಿದ ಚಿಂತೆ ಹಾವು ಚೇಳಿನದಲ್ಲ, ಮಗಳ ಶಾಲೆಯದು. ಎರಡು ವರ್ಷ ಕಳೆದರೆ ಮತ್ತೆ ಪಟ್ಟಣ. ಅಲ್ಲಿಯ ಶಾಲೆಗಳಲ್ಲಿ ಮಗುವನ್ನು ನಿಲ್ಲಿಸಿ ಓದಿಸಿಯೇ ಸೇರಿಸಿಕೊಳ್ಳುವುದು. ಇವಳು ಅಲ್ಲಿ ತಡವರಿಸಿದರೆ? ನಾನು ಓದಿದ್ದು ತರಗತಿಗೊಂದು ಕೋಣೆ, ವಿಷಯಕ್ಕೊಬ್ಬರು ಟೀಚರ್ ಇದ್ದ ಶಾಲೆಯಲ್ಲಿ. ಇಲ್ಲಿ ಐದು ತರಗತಿಗೆ ಒಂದೇ ಕೋಣೆ. ಎರಡನೆಯ ಕೋಣೆಯ ಚಾವಣಿ ಕುಸಿದು, ಒಳಗೆ ಮುರಿದ ಬೆಂಚುಗಳನ್ನು ಒಟ್ಟಿದ್ದರು. ಇಪ್ಪತ್ಮೂರು ಮಕ್ಕಳು, ಒಬ್ಬರು ಮೇಷ್ಟ್ರು, ಮೂಲೆ ಒಡೆದ ಒಂದು ಕಪ್ಪು ಹಲಗೆ.

ಆದರೂ ಒಂದನೆಯ ತರಗತಿಗೆ ಸೇರಿಸಿದ ಎರಡೇ ತಿಂಗಳಿಗೆ ಮಗಳು ಮೊದಲ ಪಾಠವನ್ನು ನೀರು ಕುಡಿದಷ್ಟು ಸಲೀಸಾಗಿ ಓದಿದಳು. ಫೋನಿನಲ್ಲಿ ನಮ್ಮಮ್ಮನಿಗೂ ಓದಿ ಕೇಳಿಸಿದೆ. ನನ್ನ ಎದೆಯ ಭಾರ ಇಳಿಯಿತು. ಆ ಮೇಷ್ಟ್ರು ನಿವೃತ್ತರಾಗಿ, ಅವರ ಜಾಗಕ್ಕೆ ಬಂದವರೇ ನಾನು ಈಗ ಯಾರ ಬಗ್ಗೆ ಬರೆಯುತ್ತಿದ್ದೇನೋ ಆ ಮನುಷ್ಯ.

ಐವತ್ತು ದಾಟಿದ ಒಣಕಲು ದೇಹ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಒಂದು ಕತ್ತರಿ. ಮದುವೆಯಾಗಿರಲಿಲ್ಲ. ಹಿಟ್ಟಿನ ಗಿರಣಿಯ ಪಕ್ಕದ ಕೋಣೆ ಹಿಡಿದು ತಾವೇ ಬೇಯಿಸಿಕೊಳ್ಳುತ್ತಿದ್ದರು. ಇಪ್ಪತ್ತೆಂಟು ವರ್ಷದಲ್ಲಿ ಎಂಟು ಶಾಲೆ ಕಂಡವರು. "ನನಗಿಂತ ಮೊದಲು ನನ್ನ ಟ್ರಂಕಿಗೇ ಗೊತ್ತಾಗುತ್ತೆ, ವರ್ಗ ಅಂತ," ಎನ್ನುತ್ತಿದ್ದರು.

ಅವರು ಬಂದ ಮೊದಲ ದಿನ ಮಗಳು ಮರೆತ ನೀರಿನ ಬಾಟಲಿ ಕೊಡಲು ಹೋಗಿ ನಾನು ಬಾಗಿಲಲ್ಲಿ ನಿಂತಿದ್ದೆ. ಮಕ್ಕಳಿಗೆ ಓದಲು ಹೇಳಿದರು. ಎಲ್ಲರೂ ಓದಿದರು. ಅವರು ಒಬ್ಬೊಬ್ಬರ ಬಳಿಗೂ ಹೋಗಿ ಕೈಯಲ್ಲಿದ್ದ ಪುಸ್ತಕವನ್ನು ತಲೆಕೆಳಗೆ ಮಾಡಿ ಕೊಟ್ಟು, "ಈಗ ಓದಿ," ಎಂದರು. ಅದೇ ವೇಗ, ಅದೇ ರಾಗ, ಒಬ್ಬರೂ ತಡವರಿಸಲಿಲ್ಲ. ನನ್ನ ಮಗಳು ತಲೆಕೆಳಗಾದ ಸಾಲಿನ ಕೆಳಗೆ ಬೆರಳನ್ನೂ ಸರಿಸುತ್ತಿದ್ದಳು. ಐದನೆಯ ತರಗತಿಯವರೂ ಹಾಗೆಯೇ. ನನಗೆ ನಗು ಬಂತು. ಮೇಷ್ಟ್ರು ನಗಲಿಲ್ಲ. ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಕನ್ನಡಕ ಒರೆಸಿದರು.

ಸಂಜೆಯೊಳಗೆ ಊರೆಲ್ಲ ಅವರು 'ತಲೆಕೆಳಗು ಮೇಷ್ಟ್ರು' ಆದರು.

ಆ ವಾರ ತಂದೆತಾಯಿಗಳನ್ನು ಕರೆಸಿ ಹೇಳಿದರು: "ಒಂದು ವರ್ಷ ಕೊಡಿ. ಇಪ್ಪತ್ಮೂರು ಮಕ್ಕಳೂ ಹಿಂದೆಂದೂ ಕಾಣದ ಕಾಗದ ಓದೋ ಹಾಗೆ ಮಾಡ್ತೀನಿ. ಮಧ್ಯದಲ್ಲಿ ನೋಡಿದ್ರೆ ಗಾಬರಿ ಆಗುತ್ತೆ. ನೋಡಬೇಡಿ."

"ಕಣ್ಣು ಮುಚ್ಕೊಂಡು ಮಕ್ಕಳನ್ನ ಸಾಕೋಕಾಗುತ್ತಾ ಸಾರ್?" ಎಂದಳು ಅಂಗಡಿ ಅಕ್ಕ. ಬೀದಿ ಮೂಲೆಯ ದಿನಸಿ ಅಂಗಡಿ ಅವಳದು, ಮಗಳು ಮೂರನೆಯ ತರಗತಿ. ಎಲ್ಲರೂ ನಕ್ಕರು, ಮೇಷ್ಟ್ರೂ ನಕ್ಕರು.

ಪಠ್ಯಪುಸ್ತಕಗಳು ಬೀರು ಸೇರಿದವು. ಮುರಿದ ಬೆಂಚುಗಳನ್ನು ತಾವೇ ಹೊರಗೆ ಹಾಕಿ, ಚಾವಣಿಗೆ ತಗಡು ಹೊದಿಸಿ, ಎರಡನೆಯ ಕೋಣೆಗೆ ಸುಣ್ಣ ಹೊಡೆದರು. ಅದು ಒಂದೊಂದೇ ಮಗು ಸದ್ದಿಲ್ಲದೆ ಕೂತು ಓದುವ ಕೋಣೆ. ಹಳೆಯ ಕ್ಯಾಲೆಂಡರಿನ ಬೆನ್ನು, ನಮ್ಮ ಆಸ್ಪತ್ರೆಯ ಔಷಧಿ ಡಬ್ಬಿಗಳ ರಟ್ಟು ಕತ್ತರಿಸಿ ಚೀಟಿ ಮಾಡಿದರು. ಬೆಳಿಗ್ಗೆ ಬಂದ ಮಗುವಿಗೆ ಮೊದಲ ಪ್ರಶ್ನೆ, "ದಾರೀಲಿ ಏನು ನೋಡಿದೆ?" 'ಆಡು ಚರಂಡಿಗೆ ಬಿತ್ತು' ಎಂದರೆ ಅದನ್ನೇ ಚೀಟಿಯಲ್ಲಿ ಬರೆದು ಕೊಡುವರು. ಆ ದಿನ ಆ ಮಗುವಿನ ಪಾಠ ಅದು. ಐದನೆಯವರು ಒಂದನೆಯವರ ಜೊತೆ ಕೂತು ಕಲಿಯಲು ನಾಚಿದಾಗ, "ಚಿಕ್ಕವರಿಗೆ ಚೀಟಿ ಹಿಡಿದು ಕಲಿಸೋ ಕೆಲಸ ನಿಮ್ಮದು," ಎಂದರು. ಕಲಿಸುವ ನೆಪದಲ್ಲಿ ದೊಡ್ಡವರು ಮಾನ ಉಳಿಸಿಕೊಂಡು ಕಲಿಯತೊಡಗಿದರು.

ಇದೆಲ್ಲ ಈಗ ಅರ್ಥವಾಗುತ್ತಿದೆ. ಆಗ ನನಗೆ ಕಂಡದ್ದು ಒಂದೇ: ಐದು ತಿಂಗಳು ಕಳೆದರೂ ಮಗಳು ಒಂದು ಸಾಲು ಓದುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು. "ಕ... ರು... ಕರು ಎ..." ಫೋನಿನಲ್ಲಿ ನಮ್ಮಮ್ಮ ಇದನ್ನು ಕೇಳಿ, "ಮುಂಚೆ ಎಷ್ಟು ಚೆನ್ನಾಗಿ ಓದ್ತಿತ್ತಲ್ಲೇ. ಮಗೂಗೆ ಏನಾಯ್ತೇ?" ಎಂದರು.

ನಮ್ಮನೆಯವರು, "ಕರು ಹುಟ್ಟಿದ ದಿನಾನೇ ಓಡುತ್ತೆ. ಮನುಷ್ಯರ ಮಕ್ಕಳಿಗೆ ಟೈಮ್ ಬೇಕು ಕಣೇ," ಎಂದರು. ಅವರಿಗೇನು, ದನಗಳ ಪರೀಕ್ಷೆಯಲ್ಲಿ ಯಾರೂ ಓದಿಸುವುದಿಲ್ಲ.

ತಡೆಯಲಾಗದೆ ಶಾಲೆಗೇ ಹೋಗಿ ಕೇಳಿದೆ. ಚೀಟಿ ಕತ್ತರಿಸುತ್ತಲೇ ಮೇಷ್ಟ್ರು ತಮ್ಮ ಕಥೆ ಹೇಳಿದರು.

"ನಾನೂ ಹಾಗೇ ಬಾಯಿಪಾಠದಲ್ಲಿ ಏಳನೇ ಕ್ಲಾಸಿನ ತನಕ ಬಂದವನಮ್ಮ. ಕ್ಲಾಸಿಗೇ ಮೊದಲು. ನಮ್ಮ ತಾಯಿ ದೂರದ ಆಸ್ಪತ್ರೇಲಿದ್ರು. ಅಲ್ಲಿಂದ ಕಾಗದ ಬಂತು. ಅಪ್ಪ ನನ್ನ ಕೈಗೆ ಕೊಟ್ಟು, ಓದಪ್ಪ ಅಂದ್ರು. ಊರಿನವರೆಲ್ಲ ಸುತ್ತ ಇದ್ರು. ಬರಲ್ಲ ಅಂತ ಹೇಗೆ ಹೇಳಲಿ? ಎಲ್ಲ ಕ್ಷೇಮ, ಇನ್ನೂ ಹದಿನೈದು ದಿನ ಇರಬೇಕಂತೆ, ಅಂತ ಓದಿಬಿಟ್ಟೆ. ಅದರಲ್ಲಿ ಇದ್ದದ್ದು, ಸೋಮವಾರ ಬಂದು ಕರ್ಕೊಂಡು ಹೋಗಿ ಅಂತ. ಅಮ್ಮ ಗಂಟು ಕಟ್ಟಿಕೊಂಡು ಆಸ್ಪತ್ರೆ ಗೇಟಿನ ಹತ್ತಿರ ಎರಡು ದಿನ ಕೂತಿದ್ರು. ಯಾರೋ ಪುಣ್ಯಾತ್ಮರು ಬಸ್ಸು ಹತ್ತಿಸಿ ಕಳಿಸಿದ್ರು."

"ಬೈದ್ರಾ?"

"ಅಪ್ಪ ಬೈಲಿಲ್ಲ. ಆಮೇಲೆ ಯಾವತ್ತೂ ನನ್ನ ಕೈಗೆ ಕಾಗದ ಕೊಡಲಿಲ್ಲ."

ನನ್ನ ಕಣ್ಣು ತೇವವಾಯಿತು. ಮನೆಗೆ ಬಂದು ಮಗಳ "ಕ... ರು..." ಕೇಳಿದ್ದೇ ಮತ್ತೆ ಪಟ್ಟಣದ ಶಾಲೆ ಕಣ್ಣ ಮುಂದೆ ಬಂತು. ಚಿಂತೆ ಎಂಬುದಕ್ಕೆ ಕಿವಿಯೇ ಇಲ್ಲ.

ಏಳನೆಯ ತಿಂಗಳಲ್ಲಿ ಅಂಗಡಿ ಅಕ್ಕ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಬಂದಳು. "ಡಾಕ್ಟರಮ್ಮ, ಒಂದು ಅರ್ಜಿ ಬರೆದುಕೊಡಿ." ದನದ ಡಾಕ್ಟರ ಹೆಂಡತಿಯಾದ ತಪ್ಪಿಗೆ ನಾನು ಊರಿಗೆಲ್ಲ ಡಾಕ್ಟರಮ್ಮ.

"ನೀವೇ ಬರೀಬಹುದಲ್ಲ?"

"ನಮಗೆ ಬರೆಯೋಕೆ ಬಂದಿದ್ರೆ ನಿಮ್ಮನೆ ಬಾಗಿಲಿಗ್ಯಾಕೆ ಬರ್ತಿದ್ವಿ?"

ಅವರೆಲ್ಲ ಇದೇ ಶಾಲೆಯಲ್ಲಿ ಐದನೆಯ ತರಗತಿ ಮುಗಿಸಿದವರು. ಆ ಒಂದು ಮಾತಿನಲ್ಲೇ ಎಲ್ಲ ಇತ್ತು, ನಾನು ಗಮನಿಸಲಿಲ್ಲ. ಬರೆದೆ. 'ಈ ಶಿಕ್ಷಕರು ಬಂದ ಮೇಲೆ ಮಕ್ಕಳ ಓದು ಹಿಂದೆ ಬಿದ್ದಿದೆ.' ಸುಳ್ಳೇನೂ ಬರೆಯಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅಂಗಡಿ ಅಕ್ಕ ಅದನ್ನು ಮನೆಮನೆಗೂ ಒಯ್ದಳು: ಒಂಬತ್ತು ಹೆಬ್ಬೆಟ್ಟು, ನನ್ನದೂ ಸೇರಿ ಎರಡು ಸಹಿ.

ಅದೇ ವಾರ ಶಿಕ್ಷಣ ಕಚೇರಿಯಿಂದ ಎಲ್ಲ ಶಾಲೆಗಳಿಗೂ ನಮೂನೆ ಬಂದಿತ್ತು: ನಿಮ್ಮಲ್ಲಿ ಸರಾಗವಾಗಿ ಓದುವ ಮಕ್ಕಳೆಷ್ಟು? ಸುತ್ತಲ ಶಾಲೆಗಳು 'ಎಲ್ಲರೂ' ಎಂದು ಬರೆದವು. ನಮ್ಮ ಮೇಷ್ಟ್ರು ಬರೆದದ್ದು: ಮೂವರು. ಅಕ್ಷರ ಕೂಡಿಸಿ ಓದುವವರು ಹನ್ನೆರಡು. ಇನ್ನೂ ಬಾರದವರು ಎಂಟು.

ಎರಡೂ ಕಾಗದ ಹಿಡಿದುಕೊಂಡು ಶಿಕ್ಷಣ ಕಚೇರಿಯ ಸಾಹೇಬರು ಬಂದರು. ಅರ್ಜಿದಾರರೂ ಇರಲಿ ಎಂದು ನಮ್ಮನ್ನೂ ಕರೆಸಿದ್ದರು. ಬೀರುವಿನಿಂದ ಪಠ್ಯಪುಸ್ತಕ ತೆಗೆಸಿ, ಧೂಳು ಕೊಡವಿ, ಏಳನೆಯ ಪಾಠ ಓದಿಸಿದರು. ಮಕ್ಕಳು ಕಾಣದ ಪಾಠ. ಒಂದೊಂದೇ ಅಕ್ಷರ ಕೂಡಿಸಿದರು. ಮೂರನೆಯ ಸಾಲಿಗೆ ಸಾಹೇಬರು ಗಡಿಯಾರ ನೋಡಿಕೊಂಡು ಎದ್ದರು.

"ಸಾರ್, ಇನ್ನು ಐದು ತಿಂಗಳು," ಎಂದರು ಮೇಷ್ಟ್ರು. "ಯಾವುದಾದ್ರೂ ಹೊಸ ಕಾಗದ ಕೊಟ್ಟು ಇವರನ್ನ ಓದಿಸಿ. ಮಿಕ್ಕ ಶಾಲೇಲೂ ಅದನ್ನೇ ಓದಿಸಿ ನೋಡಿ."

"ಮಿಕ್ಕ ಶಾಲೆಯಿಂದ ದೂರೇ ಬಂದಿಲ್ವಲ್ರೀ."

ಹದಿನೈದು ದಿನಕ್ಕೆ ಆದೇಶ ಬಂತು. ಮೇಷ್ಟ್ರನ್ನು ಪಟ್ಟಣದ ಪಠ್ಯಪುಸ್ತಕ ಗೋದಾಮಿಗೆ ಹಾಕಿದ್ದರು.

ಅವರು ಹೋದ ಮೂರನೆಯ ವಾರ ನಾನು ಅಡುಗೆಮನೆಯಲ್ಲಿದ್ದೆ. ಮಗಳು ಹಜಾರದಲ್ಲಿ ಅವರಪ್ಪನ ಚೀಲದಿಂದ ಒಂದು ಸೀಸೆ ತೆಗೆದು ಕೂತಿದ್ದಳು. "ಹೊ... ರ... ಹೊರಗೆ... ಹಚ್ಚಲು ಮಾತ್ರ. ಅಮ್ಮಾ! ಹೊರಗೆ ಹಚ್ಚಲು ಮಾತ್ರ! ಅಂದ್ರೆ ಇದನ್ನ ಕುಡೀಬಾರದು ಅಲ್ವಾ?"

ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಿಡಿದ ಸೌಟು ಹಿಡಿದ ಹಾಗೇ ಹಜಾರಕ್ಕೆ ಬಂದು ಅವಳ ಪಕ್ಕ ಕೂತೆ.

ಮರುದಿನ ಬಸ್ಸು ಹಿಡಿದು ಪಟ್ಟಣದ ಶಿಕ್ಷಣ ಕಚೇರಿಗೆ ಹೋದೆ. ಅರ್ಜಿ ವಾಪಸ್ಸು ಬೇಕು ಎಂದರೆ ಗುಮಾಸ್ತರು ಕಡತದಿಂದ ತಲೆ ಎತ್ತದೆ, "ಕೊಟ್ಟಿದ್ದು ಹನ್ನೊಂದು ಜನ. ಹನ್ನೊಂದು ಜನಾನೂ ಒಪ್ಪಿ ಬರೆದುಕೊಡಿ, ನೋಡೋಣ," ಎಂದರು. ಕಚೇರಿಯ ಹಿಂಭಾಗದ ಗೋದಾಮಿನಲ್ಲಿ, ಎದೆಮಟ್ಟದ ಪುಸ್ತಕದ ಕಟ್ಟುಗಳ ನಡುವೆ, ಮೇಷ್ಟ್ರು ಹುರಿದಾರ ಬಿಚ್ಚುತ್ತಿದ್ದರು.

"ಸಾರ್, ಆ ಅರ್ಜಿ ಬರೆದದ್ದು ನಾನು."

"ಗೊತ್ತಮ್ಮ. ಆ ಊರಲ್ಲಿ ಅಷ್ಟು ಚೆನ್ನಾಗಿ ಬರೆಯೋರು ಇನ್ಯಾರಿದ್ದಾರೆ?"

ಮಗಳು ಸೀಸೆಯ ಚೀಟಿ ಓದಿದ್ದನ್ನು ಹೇಳಿದೆ. ಅವರ ಮುಖ ಅರಳಿತು, ಹಾಗೆಯೇ ಬಾಡಿತು. ಭಾನುವಾರ ಬಂದು ಅವಳಿಗೆ ಹೇಳಿಕೊಡುವಿರಾ ಎಂದು ಕೇಳಿದೆ. ಆಗಲೂ ನಾನು ಕೇಳಿದ್ದು ನನ್ನ ಮಗಳಿಗಾಗಿಯೇ.

"ಅವಳಿಗೆ ಮನೇಲಿ ನೀವಿದ್ದೀರಿ. ನಾನಿಲ್ಲದಿದ್ರೂ ಇವತ್ತಲ್ಲ ನಾಳೆ ಓದ್ತಿದ್ಲು," ಎಂದರು. "ಆ ಒಂದು ವರ್ಷ ನಾನು ಕೇಳಿದ್ದು ಅವಳಿಗೋಸ್ಕರ ಅಲ್ಲಮ್ಮ." ಕೋಪವೇ ಇರಲಿಲ್ಲ ಆ ದನಿಯಲ್ಲಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಶಾಲೆಗೆ ಹೊಸ ಟೀಚರ್ ಬಂದಿದ್ದರು, ಚಿಕ್ಕ ವಯಸ್ಸಿನ ಹುಡುಗಿ. ಕೆಟ್ಟವರಲ್ಲ. ಐದು ತರಗತಿಯನ್ನು ಒಬ್ಬರೇ ನಿಭಾಯಿಸಬೇಕು, ಪುಸ್ತಕ ಮುಗಿಸದಿದ್ದರೆ ಮೇಲಿನಿಂದ ಬೈಗುಳ. ಒಬ್ಬರಿಂದ ಹೇಳಿಸಿ ಉಳಿದವರಿಂದ ಕೂಗಿಸುತ್ತಿದ್ದರು. ಹೊಸ ತಗಡಿನ ಕೋಣೆಗೆ ಬೀಗ ಬಿದ್ದಿತ್ತು.

ಒಪ್ಪಿಗೆ ಪತ್ರ ಬರೆದುಕೊಂಡು ಮನೆಮನೆ ತಿರುಗಿದೆ. ಒಂದು ಹೆಬ್ಬೆಟ್ಟೂ ಸಿಗಲಿಲ್ಲ. ಕೊನೆಗೆ ಅಂಗಡಿ ಅಕ್ಕನ ಬಳಿ ಹೋದೆ. ಅವಳ ಮಗಳು ಅಕ್ಕಿ ಮೂಟೆಯ ಮೇಲೆ ಕೂತು ಪುಸ್ತಕ ತೆರೆದುಕೊಂಡು ಜೋರಾಗಿ ಓದುತ್ತಿದ್ದಳು.

"ಬನ್ನಿ ಡಾಕ್ಟರಮ್ಮ! ಕೇಳಿ, ಹೇಗೆ ಪಟಪಟ ಅಂತಾಳೆ! ಎಲ್ಲ ನಿಮ್ಮ ಅರ್ಜಿ ಪುಣ್ಯ."

"ಅಕ್ಕಾ, ಅವಳು ಓದ್ತಾ ಇಲ್ಲ. ಬಾಯಿಪಾಠ ಅದು."

ಅವಳ ನಗು ಅಲ್ಲೇ ನಿಂತಿತು. "ನಿಮ್ಮ ಮಗಳು ಓದಿದ್ರೆ ಓದು, ನಮ್ಮವಳು ಓದಿದ್ರೆ ಓದು ಅಲ್ವಾ?"

ನಾನು ಪತ್ರ ಮುಂದೆ ಚಾಚಿದೆ. ಅವಳು ಅದನ್ನು ಕೈಯಲ್ಲಿ ಹಿಡಿದು, ಸ್ವಲ್ಪ ಹೊತ್ತು ನೋಡಿ, ಹಿಂದಕ್ಕೆ ಕೊಟ್ಟಳು. "ಇದರಲ್ಲಿ ಏನಿದೆಯೋ ನನಗೇನು ಗೊತ್ತು? ಒಂದು ಸಲ ನಿಮ್ಮನ್ನ ನಂಬಿ ಒತ್ತಿದ್ದೀನಿ. ಸಾಕು." ಮಗಳ ಕಡೆ ತಿರುಗಿ, "ನೀನ್ಯಾಕೆ ನಿಲ್ಲಿಸ್ದೆ? ಓದು," ಎಂದು ಗದರಿದಳು.

ನಿಲ್ಲಿಸಿದ ಜಾಗ ಆ ಮಗುವಿಗೆ ಸಿಗಲಿಲ್ಲ. ಹಾಳೆಯನ್ನು ಮೇಲಿಂದ ಕೆಳಗೆ ನೋಡಿತು, ನನ್ನನ್ನು ನೋಡಿತು, ಉಸಿರು ಎಳೆದುಕೊಂಡು ಪಾಠದ ಹೆಸರಿನಿಂದ ಮತ್ತೆ ಶುರು ಮಾಡಿತು.