ಗಿಡಿಯನ್ ಮೇಸ್ತ್ರಿ ಮತ್ತು ಎರಡು ಟಾಕಿಯ ಗಾಡಿ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹುಬ್ಬಳ್ಳಿಯಿಂದ ಗಬ್ಬೂರಿನ ಕಡೆ ಹೋಗುವ ರಸ್ತೆಯ ಬದಿ, ಒಂದು ತಗಡಿನ ಶೆಡ್ಡಿನ ಮುಂದೆ ಸರ್ವಿಸ್ ಮೋಟಾರು ನಿಂತಿದೆ. ಅದರ ಅಡಿಯಿಂದ ಎರಡು ಕಾಲು ಹೊರಚಾಚಿವೆ. ಸ್ವಲ್ಪ ಹೊತ್ತಿನ ಮೇಲೆ ಆ ಕಾಲುಗಳ ಮನುಷ್ಯ ಜಾರಿಕೊಂಡು ಹೊರಬಂದು, ಕಳಚಿ ತಂದ ತಾಮ್ರದ ನಳಿಗೆಯನ್ನು ಬಾಯಿಗಿಟ್ಟು ಜೋರಾಗಿ ಊದುತ್ತಾರೆ. ಇನ್ನೊಂದು ತುದಿಯಿಂದ ಹೊರಬಿದ್ದ ಹನಿಯನ್ನು ಬೆರಳಿಗೆ ತಾಗಿಸಿ ಮೂಗಿನ ಹತ್ತಿರ ಹಿಡಿಯುತ್ತಾರೆ.

"ಪೆಟ್ರೋಲದಾಗ ಚಿಮಣಿ ಎಣ್ಣಿ ಕಲಿಸ್ಯಾರ," ಎನ್ನುತ್ತಾರೆ ಮೋಟಾರಿನವನಿಗೆ. "ಪೆಟ್ರೋಲ ಎಲ್ಲಿ ತಗೊಂಡಿ ಅಂತ ನಾ ಕೇಳೂದಿಲ್ಲ. ಇನ್ನೊಮ್ಮೆ ಅಲ್ಲಿ ತಗೋಬ್ಯಾಡ."

ಇವರು ಗಿಡಿಯನ್ ಮೇಸ್ತ್ರಿ. ವಯಸ್ಸು ನಲವತ್ತೇಳು. ತಂದೆ ಧಾರವಾಡದಲ್ಲಿ ಮಿಶನ್ ಚರ್ಚಿನ ಗಂಟೆ ಬಾರಿಸುತ್ತಿದ್ದವರು. ಮಗ ಓದಿ ಸಾಲಿ ಮಾಸ್ತರನಾಗಲಿ ಎಂಬುದು ಅವರ ಆಸೆಯಾಗಿತ್ತು. ಮಗ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಮೋಟಾರಿನಲ್ಲಿ ಕ್ಲೀನರನಾಗಿ ಸೇರಿಕೊಂಡರು. ಅದಾಗಿ ಇಪ್ಪತ್ತೈದು ವರ್ಷ. ನಡುವೆ ಒಮ್ಮೆ ಪೆಟ್ರೋಲಿಗೆ ಬೆಂಕಿ ತಗುಲಿ ಎಡಗೈ ಸುಟ್ಟಿತು. ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ಮೂರು ತಿಂಗಳು ಮನೆಯಲ್ಲಿ ಕುಳಿತಾಗ ಹೆಂಡತಿ ಕ್ಯಾಥರೀನ್ ಬಟ್ಟೆ ಹೊಲಿದು ಸಂಸಾರ ನಡೆಸಿದರು. ಕೈ ಮಾಯ್ದ ಮರುದಿನವೇ ಗಿಡಿಯನ್ ಬಲಗೈಯಲ್ಲಿ ನಟ್ಟು ತಿರುವುವ ಪಾನಾ ಹಿಡಿದು ಕೆಲಸಕ್ಕೆ ಹೋದರು.

ಈ ಮಹಾಯುದ್ಧಕ್ಕೆ ಮುಂಚೆ ದಿನಕ್ಕೆ ಏಳೆಂಟು ಗಾಡಿಗಳು ಅವರ ಶೆಡ್ಡಿಗೆ ಬರುತ್ತಿದ್ದವು. ಈಗ ಪೆಟ್ರೋಲಿಗೆ ಕೂಪನ್, ಟಾಯರು ಕಣ್ಣಿಗೆ ಬೀಳುವುದಿಲ್ಲ, ಅರ್ಧ ಗಾಡಿಗಳು ಗಾಲಿ ಬಿಚ್ಚಿ ಕಟ್ಟಿಗೆಯ ದಿಮ್ಮಿಗಳ ಮೇಲೆ ನಿಂತಿವೆ. ಬರುವುದು ಮೂರೋ ನಾಲ್ಕೋ. ಆದರೆ ಅವೆಲ್ಲ ಹಣ್ಣಾದ ಗಾಡಿಗಳು, ಒಂದೊಂದರ ಹಿಂದೆಯೂ ಅರ್ಧ ದಿನ ಹೋಗುತ್ತದೆ. ಇಂಜಿನ್ ತಣ್ಣಗಿದ್ದಾಗಲೇ ನೋಡಬೇಕೆಂದು ಮೇಸ್ತ್ರಿ ಐದಕ್ಕೇ ಎದ್ದು, ಎರಡು ಮೈಲು ನಡೆದು ಬರುತ್ತಾರೆ.

ಊರಿನಲ್ಲಿ ಇವರಿಗಿಂತ ದೊಡ್ಡ ಕಾರಖಾನೆಗಳಿವೆ, ಹೆಸರುವಾಸಿ ಮೇಸ್ತ್ರಿಗಳಿದ್ದಾರೆ. ಆದರೂ ಪತ್ರಿಕೆಗೆ ಬರೆಯಲೆಂದು ನಾನು ಇವರನ್ನು ಹುಡುಕಿಕೊಂಡು ಬಂದದ್ದು ಒಂದು ದವಾಖಾನೆಯ ಗಾಡಿಯ ಸಂಗತಿ ಕೇಳಿ.

ಹುಬ್ಬಳ್ಳಿಯ ಒಂದು ಧರ್ಮಾರ್ಥ ದವಾಖಾನೆಗೆ ಹಳೆಯದೊಂದು ಸಣ್ಣ ಲಾರಿಯಿದೆ. ಹಿಂದೆ ತೆರೆದ ತೊಟ್ಟಿ, ಮುಂದೆ ಇಬ್ಬರು ಕೂರುವಷ್ಟು ಜಾಗ. ಸುತ್ತಿನ ಹಳ್ಳಿಗಳಿಗೆ ಔಷಧ ಒಯ್ಯುವುದಕ್ಕೂ ಹೆರಿಗೆಗೆ ಕಷ್ಟಪಡುವ ಹೆಂಗಸರನ್ನು ಕರೆತರುವುದಕ್ಕೂ ಇದೊಂದೇ ಗಾಡಿ. ದೂರದ ಓಡಾಟಕ್ಕೆಂದು ಇದಕ್ಕೆ ಪೆಟ್ರೋಲು ತುಂಬುವ ಎರಡು ಟಾಕಿ ಕೂಡಿಸಿದ್ದಾರೆ. ಒಂದು ಡ್ರೈವರನ ಆಸನದ ಕೆಳಗೆ, ಇನ್ನೊಂದು ಅದಕ್ಕಿಂತ ತಗ್ಗಿನಲ್ಲಿ, ಹಿಂದಿನ ತೊಟ್ಟಿಯ ಅಡಿಯಲ್ಲಿ. ಎರಡರ ನಳಿಗೆಗಳೂ ಡ್ರೈವರನ ಕಾಲ ಬಳಿ ಒಂದು ಹಿತ್ತಾಳೆಯ ನಳಕ್ಕೆ ಬಂದು ಸೇರುತ್ತವೆ. ನಳ ಯಾವ ಕಡೆ ತಿರುವಿದರೆ ಆ ಟಾಕಿಯ ಪೆಟ್ರೋಲು ಇಂಜಿನಿಗೆ ಹೋಗುತ್ತದೆ.

ಹೋದ ವರ್ಷ ಈ ಗಾಡಿಯ ಪೆಟ್ರೋಲು ಕಾಣದ ಹಾಗೆ ಕಡಿಮೆಯಾಗತೊಡಗಿತು. ಕೂಪನ್ ಸಿಕ್ಕ ದಿನ ಎರಡೂ ಟಾಕಿ ತುಂಬಿಸಿದರೆ, ನಾಲ್ಕು ದಿನದಲ್ಲಿ ಓಡಿದ್ದಕ್ಕಿಂತ ಹೆಚ್ಚು ಖಾಲಿಯಾಗಿರುತ್ತಿತ್ತು. ದವಾಖಾನೆಯ ಕಾರ್ಯದರ್ಶಿ ಪಂಢರಿನಾಥರಾಯರು ಧಾರವಾಡದಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು, ಕಟ್ಟುನಿಟ್ಟಿನ ಮನುಷ್ಯ. ಅವರ ಅನುಮಾನ ಡ್ರೈವರ್ ಹುಚ್ಚಪ್ಪನ ಮೇಲೆ ಹೋಯಿತು. ಎರಡೂ ಟಾಕಿಗೆ ಬೀಗವಿರುವ ಹೊಸ ಮುಚ್ಚಳ ಮಾಡಿಸಿ ಕೀಲಿಕೈ ತಾವೇ ಇಟ್ಟುಕೊಂಡರು. ಪೆಟ್ರೋಲು ಕಡಿಮೆಯಾಗುವುದು ಅಂದಿನಿಂದಲೇ ನಿಂತಿತು. ಅನುಮಾನಕ್ಕೆ ಸಾಕ್ಷಿ ಸಿಕ್ಕಂತಾಯಿತು.

ಅದರ ಬೆನ್ನಿಗೇ ಗಾಡಿ ದಾರಿಯಲ್ಲಿ ನಿಲ್ಲತೊಡಗಿತು. ನಾಲ್ಕೈದು ಮೈಲು ಹೋಗಿ ಕೆಮ್ಮಿ ಬಂದಾಗುತ್ತಿತ್ತು. ಅರ್ಧ ತಾಸು ಬಿಟ್ಟರೆ ಮತ್ತೆ ಹೊರಡುತ್ತಿತ್ತು. ಇಬ್ಬರು ಮೇಸ್ತ್ರಿಗಳು ಕಾರ್ಬರೇಟರ್ ಬಿಚ್ಚಿ ತೊಳೆದರು. ಅವರ ಅಂಗಳದಲ್ಲಿ ಗಾಡಿ ಒಮ್ಮೆಯೂ ನಿಲ್ಲಲಿಲ್ಲ. ಬೀಗ ಹಾಕಿದ ಸಿಟ್ಟಿಗೆ ಡ್ರೈವರನೇ ನಿಲ್ಲಿಸುತ್ತಿದ್ದಾನೆ ಎಂಬ ಮಾತು ಹುಟ್ಟಿತು.

ಜನವರಿಯಲ್ಲಿ ಸುಳ್ಳ ಎಂಬ ಹಳ್ಳಿಯಿಂದ ತುಂಬು ಬಸುರಿ ಗುಡ್ಡವ್ವನನ್ನು ಕರೆತರುವಾಗ ಗಾಡಿ ನಡುಹೊಲದಲ್ಲಿ ನಿಂತಿತು. ಹೆರಿಗೆ ಅಲ್ಲೇ, ತೊಟ್ಟಿಯಲ್ಲೇ ಆಯಿತು. ಅತ್ತೆಯೊಬ್ಬಳೇ ಜೊತೆಗಿದ್ದಳು. ಹುಚ್ಚಪ್ಪ ಬೆನ್ನು ತಿರುಗಿಸಿ ನಿಂತು ಕಂಬಳಿ ಮರೆ ಹಿಡಿದ. ತಾಯಿ ಮಗು ಬದುಕಿದ್ದು ಪುಣ್ಯ. ಮರುದಿನ ದವಾಖಾನೆಯ ಕಮಿಟಿಯವರು ಹುಚ್ಚಪ್ಪನನ್ನು ಕೆಲಸದಿಂದ ನಿಲ್ಲಿಸಿ, ವಿಚಾರಣೆಗೆ ವಾರದ ಗಡುವು ಕೊಟ್ಟರು.

ಹುಚ್ಚಪ್ಪ ನೇರ ಗಿಡಿಯನ್ ಬಳಿ ಬಂದ. ಇಬ್ಬರಿಗೂ ಅಷ್ಟೇನು ಗುರುತಿರಲಿಲ್ಲ. "ಕಾಕಾ, ಒಂದ ಹನಿ ಮುಟ್ಟಿಲ್ಲ ನಾ. ಕೆಲಸ ಹೋದ್ರ ಹೋಗ್ಲಿ, ಕಳ್ಳ ಅಂತ ಅನಿಸ್ಕೊಂಡು ಓಣ್ಯಾಗ ಹೆಂಗ ತಿರಗ್ಲಿ?" ಎಂದನಂತೆ.

ಮೇಸ್ತ್ರಿ ಸಮಾಧಾನ ಹೇಳಲಿಲ್ಲ. ಟಾಕಿ ತುಂಬಿದ್ದಾಗ ಗಾಡಿ ಬೇಗ ನಿಲ್ಲುತ್ತದೋ, ಅರ್ಧ ಇದ್ದಾಗಲೋ ಎಂದು ಕೇಳಿದರು. ತುಂಬಿದ್ದಾಗಲೇ ಬೇಗ, ಅರ್ಧ ಇದ್ದರೆ ಸುಳ್ಳದವರೆಗೂ ಹೋಗುತ್ತದೆ, ಆದರೆ ಇದನ್ನು ಹೇಳಿದರೆ ಎಲ್ಲರೂ ನಗುತ್ತಾರೆ ಎಂದ ಹುಚ್ಚಪ್ಪ. ಗಿಡಿಯನ್ ನಗಲಿಲ್ಲ.

"ಯಾಕ ನಿಲ್ಲಿಸಿದಿ ಅಂತ ಎಲ್ಲಾರೂ ಅವನ್ನ ಕೇಳಿದ್ರು," ಎನ್ನುತ್ತಾರೆ ಅವರು ನನಗೆ. "ಯಾವಾಗ ನಿಂತಿತು ಅಂತ ಯಾರೂ ಕೇಳಿರಲಿಲ್ಲರಿ."

ಅದೇ ದಿನ ಅವರು ಪಂಢರಿನಾಥರಾಯರ ಮನೆಗೆ ಹೋಗಿ, ಟಾಕಿ ತುಂಬಿಸಿಕೊಂಡು ಒಂದು ಸಲ ತಮ್ಮ ಜೊತೆ ಸುಳ್ಳದ ರಸ್ತೆಗೆ ಬರಬೇಕೆಂದು ಕೇಳಿಕೊಂಡರು. ರಾಯರು ಒಲ್ಲದ ಮನಸ್ಸಿನಿಂದ ಬಂದರು. ಗಾಡಿ ಹೊಡೆದದ್ದು ಗಿಡಿಯನ್. ಹುಚ್ಚಪ್ಪನನ್ನು ಬೇಕೆಂದೇ ಬಿಟ್ಟು ಬಂದಿದ್ದರು. ನಾಲ್ಕನೆಯ ಮೈಲಿಗೆ ಗಾಡಿ ಕೆಮ್ಮಿ ನಿಂತಿತು.

ಮೇಸ್ತ್ರಿ ಇಂಜಿನಿನ ಬಾಗಿಲನ್ನೂ ತೆರೆಯಲಿಲ್ಲ. "ರಾಯರ, ನಿಮ್ಮ ಕೈಯಾರ ಟಾಕಿ ಕೀಲಿ ತಗೀರಿ. ಕಿವಿ ಹತ್ತರ ಇಟ್ಟು ತಗೀರಿ," ಎಂದರು.

ರಾಯರು ಬಗ್ಗಿ ಬೀಗ ತೆಗೆದು ಮುಚ್ಚಳ ತಿರುವಿದರು. ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು. ಹ್ಯಾಂಡಲ್ ಎರಡು ಸುತ್ತು ಹೊಡೆಯುವುದರೊಳಗೆ ಇಂಜಿನು ಹೊತ್ತಿಕೊಂಡಿತು.

ಸಂಗತಿ ಇಷ್ಟೇ. ಹಳೆಯ ಮುಚ್ಚಳಗಳಲ್ಲಿ ಗಾಳಿ ಆಡಲು ಸಣ್ಣ ತೂತಿತ್ತು. ಹೊಸವನ್ನು ಮಾಡಿದವನು ತೂತು ಬಿಟ್ಟಿರಲಿಲ್ಲ. ಪೆಟ್ರೋಲು ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಇಂಜಿನಿನ ಪಂಪು ಎಷ್ಟು ಎಳೆದರೂ ಪೆಟ್ರೋಲು ಬರುವುದಿಲ್ಲ. ತುಂಬಿದ ಟಾಕಿಯಲ್ಲಿ ಮೊದಲೇ ಗಾಳಿ ಕಡಿಮೆ, ಅದಕ್ಕೇ ಬೇಗ ನಿಲ್ಲುತ್ತಿತ್ತು. ನಿಂತ ಮೇಲೆ ಸಂದಿಗಳಿಂದ ಗಾಳಿ ಮೆಲ್ಲಗೆ ಜಿನುಗಿ, ಅರ್ಧ ತಾಸಿಗೆ ಮತ್ತೆ ಹೊರಡುತ್ತಿತ್ತು. ಆ ಇಬ್ಬರು ಮೇಸ್ತ್ರಿಗಳ ಅಂಗಳದಲ್ಲಿ ಮಾತ್ರ ರಾಯರೇ ಮೊದಲು ಮುಚ್ಚಳ ತೆಗೆದು ತೋರಿಸುತ್ತಿದ್ದುದರಿಂದ ಗಾಳಿ ಒಳಹೊಕ್ಕು ಗಾಡಿ ನಿಲ್ಲುತ್ತಿರಲಿಲ್ಲ.

ರಾಯರು ಒಪ್ಪಿದರು, ಆದರೆ ಅರ್ಧ ಮಾತ್ರ. ಬೀಗ ಹಾಕಿದ ಮೇಲೆ ಕಳವು ನಿಂತದ್ದು ಹೇಗೆ ಎಂದು ಕೇಳಿದರು. ಗಿಡಿಯನ್ ಆಗಲೇ ದವಾಖಾನೆಯ ಶೆಡ್ಡನ್ನು ನೋಡಿಕೊಂಡು ಬಂದಿದ್ದರು. ಸುತ್ತಲೂ ಹುಲ್ಲಿದ್ದರೂ ಗಾಡಿಯ ಹಿಂಬದಿ ನಿಲ್ಲುವ ಕಡೆ ಅಂಗೈಯಗಲ ನೆಲ ಬೋಳಾಗಿತ್ತು. ಎರಡೂ ಟಾಕಿ ತುಂಬಿಸಿ, ಹಳೆಯ ಮುಚ್ಚಳ ಹಾಕಿ, ಶೆಡ್ಡಿಗೆ ನೀವೇ ಬೀಗ ಹಾಕಿ ಎಂದರು.

ಬೆಳಿಗ್ಗೆ ರಾಯರೇ ಬಾಗಿಲು ತೆರೆದರು. ಕಡ್ಡಿ ಇಳಿಸಿ ನೋಡಿದರೆ ಮುಂದಿನ ಟಾಕಿ ನಾಲ್ಕು ಬೆರಳು ಇಳಿದಿತ್ತು. ಹಿಂದಿನದು ತುಳುಕಿ ಪಕ್ಕ ಒದ್ದೆಯಾಗಿತ್ತು. ಹಿತ್ತಾಳೆಯ ನಳ ಒಳಗೇ ಸವೆದು, ಮೇಲಿನ ಟಾಕಿಯ ಪೆಟ್ರೋಲು ಕೆಳಗಿನದಕ್ಕೆ ಹರಿದು, ಮುಚ್ಚಳದ ತೂತಿನಿಂದ ಮಣ್ಣಿಗೆ ಹೋಗಿ ಹುಲ್ಲನ್ನು ಸುಡುತ್ತಿತ್ತು. ಹೊಸ ಮುಚ್ಚಳ ಗಾಳಿ ಕಟ್ಟಿದ ಮೇಲೆ ಆ ಹರಿವೂ ಕಟ್ಟಿಹೋಗಿತ್ತು.

ಪಂಢರಿನಾಥರಾಯರು ಅಲ್ಲಿಂದಲೇ ಹುಚ್ಚಪ್ಪನ ಮನೆಗೆ ನಡೆದರು. ಓಣಿಯ ಜನರೆದುರು ಕೈಮುಗಿದು, ತಪ್ಪು ತಮ್ಮದೆಂದರು. ನಾನು ಕೇಳಿದಾಗ ಅವರು ಮರೆಮಾಚಲಿಲ್ಲ. "ಬೀಗ ಹಾಕಿದೆ, ಕಳವು ನಿಂತಿತು, ಕಳ್ಳ ಸಿಕ್ಕ ಅಂದುಕೊಂಡೆ. ಎಷ್ಟ ಸರಳ ಕಾಣ್ತದ ನೋಡ್ರಿ," ಎಂದರು.

ಗಿಡಿಯನ್ ನಳವನ್ನು ಎರಡು ದಿನ ತಿಕ್ಕಿ ಕೂಡಿಸಿದರು, ಹೊಸ ಮುಚ್ಚಳಗಳಿಗೆ ಸೂಜಿಯಷ್ಟು ತೂತು ಕೊರೆದರು. ಕೀಲಿಕೈ ಈಗ ಹುಚ್ಚಪ್ಪನ ಕಿಸೆಯಲ್ಲಿದೆ. ಗಾಡಿ ಐದು ತಿಂಗಳಿಂದ ಎಲ್ಲಿಯೂ ನಿಂತಿಲ್ಲ.

ಮತ್ತೇನು ಬೇಕು ನಿಮಗೆ ಎಂದು ಕೇಳುತ್ತೇನೆ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾರೆ. ಇಷ್ಟು ವರ್ಷದಲ್ಲಿ ಅವರು ಕೆಟ್ಟ ಗಾಡಿ ಬಿಟ್ಟು ಬೇರೆಯದರಲ್ಲಿ ಕುಳಿತೇ ಇಲ್ಲವಂತೆ. ಎಲ್ಲಿಗೆ ಹೊರಟರೂ ಕಿವಿ ಇಂಜಿನಿನ ಮೇಲೆ.

"ಒಮ್ಮೆ ಸುಮ್ಮ ಕುಂತು ಹೋಗಬೇಕಂತ ಆಸೆ ಐತ್ರಿ, ಹೊಲಾ ನೋಡಕೋತ," ಎನ್ನುತ್ತಾರೆ. "ಬರೂ ಐತವಾರ ಔಷಧ ಒಯ್ಯೂ ಮುಂದ ಹುಚ್ಚಪ್ಪ ನನ್ನೂ ಹೆಂಡ್ತೀನೂ ಹಿಂದ ತೊಟ್ಟ್ಯಾಗ ಕೂಡ್ರಿಸ್ಕೊಂಡು ಹೊಂಟಾನ. ಸುಳ್ಳದ ಗುಡ್ಡವ್ವ ಊಟಕ್ಕ ಕರದಾಳಂತ. ಪಾನಾ ಮನ್ಯಾಗ ಬಿಟ್ಟು ಬರ್ರಿ ಅಂದಾಳ ಕ್ಯಾಥರೀನ್."

ಬಿಟ್ಟು ಹೋಗುತ್ತೀರಾ ಎಂದರೆ, ಮೇಸ್ತ್ರಿ ಮೊದಲ ಸಲ ನಗುತ್ತಾರೆ.

"ಬಿಟ್ಟ ಹೋಗತೇನ್ರಿ. ಆ ಗಾಡೀಗೆ ಬೇಕಾಗೂದಿಲ್ಲ."