ರಂಗಂಪೇಟೆಯ ಟೇಲರ್ ಮತ್ತು ಹನ್ನೊಂದು ಭಾಗದ ಕಥೆಯಾಟ

ರಂಗಂಪೇಟೆಯ ಟೇಲರ್ ವಿಶ್ವರಾಧ್ಯ ಮೊಬೈಲಿನ ಒಂದು ಕಥೆಯಾಟಕ್ಕೆ ಮನಸೋತು ಮೂರು ವರ್ಷವಾಯಿತು. ಚಿತ್ರ ನೋಡುತ್ತ, ಮಾತು ಓದುತ್ತ, ಮುಂದಿನ ದಾರಿಯನ್ನು ನಾವೇ ಆರಿಸುತ್ತ ಹೋಗುವ ಹನ್ನೊಂದು ಭಾಗಗಳ ಕಥೆ ಅದು. ಮೊದಲ ಭಾಗ ಪ್ರೇಮದ್ದು. ಆ ವರ್ಷ ಊರಿನ ರವಿಕೆಗಳ ಬೆನ್ನೆಲ್ಲ ಕಿಟಕಿಯಾದವು. ಕಥೆಯೊಳಗೆ ದೆವ್ವ ಹೊಕ್ಕಿದ್ದೇ ತಡ, ತೋಳುಗಳು ಮುಂಗೈವರೆಗೆ ಇಳಿದವು. ಕೊಲೆಯ ಭಾಗ ಬಂದಾಗ ಎಲ್ಲರ ಲಂಗಕ್ಕೂ ಕಳ್ಳಜೇಬು ಹತ್ತಿತು. ಅಳತೆ ಕೊಡಲು ಹೋದವರು ಮೊದಲು ಕಥೆಯ ನಾಯಕಿಯ ಪಂಚಾಯಿತಿ ಮಾಡಬೇಕು: "ಅಕ್ಕಾರ, ಈ ಹುಡುಗಿ ಬಾಗಲಾ ತಗೀಬೇಕೋ ಬ್ಯಾಡೋ?" "ಮೊದಲ ನನ್ನ ರವಕಿ ಕೊಡೋ ನನ್ನಪ್ಪಾ!" ಎಂದು ರೇಗುವ ಸೌಭಾಗ್ಯಳೂ ಕೊನೆಗೆ ಸ್ಟೂಲು ಎಳೆದುಕೊಂಡು ಕೂಡುತ್ತಾಳೆ. ಆಟದಲ್ಲಿ ಹಿಂದಕ್ಕೆ ಬಂದು ಬೇರೆ ದಾರಿ ಹಿಡಿಯಬಹುದು. ಅವನು ಎಲ್ಲವನ್ನೂ ತುಳಿದಿದ್ದಾನೆ, ಒಂದರ ಹೊರತು. ಏಳನೆಯ ಭಾಗದಲ್ಲಿ ಆ ಹುಡುಗಿಗೆ ತಾಯಿಯ ಫೋನು ಬರುತ್ತದೆ: ಈಗಲೇ ಹೊರಡುವುದೋ, ಕೆಲಸ ಮುಗಿಸಿ ಹೊರಡುವುದೋ? ಅಲ್ಲಿ ಅವನು ಯಾರನ್ನೂ ಕೇಳದೆ 'ಈಗಲೇ' ಒತ್ತುತ್ತಾನೆ. "ಇನ್ನೊಂದು ಒತ್ತಿದ್ರ ಏನಾಗ್ತದ, ನೋಡೂಣಲ್ಲ?" ಎಂದು ಸೌಭಾಗ್ಯ ಕೇಳಿದಳು. "ಅದು ನೋಡೀನ್ರಿ ಅಕ್ಕಾರ," ಎಂದ, ಬಟ್ಟೆಯಿಂದ ಕಣ್ಣೆತ್ತದೆ. "ಸಗರದಿಂದ ನಮ್ಮವ್ವ ಕರದಾಗ ಒಂದು ಮದಿವಿ ರವಕಿ ಮುಗಿಸೇ ಹೊಂಟೆ. ಮುಟ್ಟೂದ್ರಾಗ ಮಣ್ಣಾಗಿತ್ತು."