ಅವ್ವ ಕಣ್ಣು ಕಟ್ಟಿಕೊಂಡು ರೊಟ್ಟಿ ಬಡಿದದ್ದು

ಕಾರ್ಬಾಲಿಕ್ ಸೋಪಿನ ವಾಸನೆ ಮೂಗಿಗೆ ಬಡಿದರೆ ಎಲ್ಲರಿಗೂ ಆಸ್ಪತ್ರೆ ನೆನಪಾಗುತ್ತದೆ, ನನಗೆ ಕುಷ್ಟಗಿಯ ನಮ್ಮ ಮಿಷನ್ ಕಾಂಪೌಂಡು ನೆನಪಾಗುತ್ತದೆ. ಬೆಳಗಾದರೆ ಅಲ್ಲಿಯ ಶಾಲೆಯ ಕುರುಡು ಮಕ್ಕಳೆಲ್ಲ ಬಾವಿಯ ಹತ್ತಿರ ಸಾಲಾಗಿ ನಿಂತು ಆ ಕೆಂಪು ಸೋಪು ಹಚ್ಚಿ ಮುಖ ತೊಳೆಯುತ್ತಿದ್ದರು. ಬೇವಿನ ಮರದ ಕೆಳಗೆಲ್ಲ ಅದರದೇ ಘಾಟು. ಅಪ್ಪ ಅವರಿಗೆ ಬೆರಳಿನಿಂದ ಓದುವ ಚುಕ್ಕಿ ಅಕ್ಷರ ಕಲಿಸುತ್ತಿದ್ದರು, ಉಳಿದದ್ದೆಲ್ಲ ಅವ್ವ ಕಲಿಸುತ್ತಿದ್ದಳು. ನಾವು ಧಾರವಾಡದ ಕಡೆಯ ಕ್ರೈಸ್ತರು. ಕುಷ್ಟಗಿ ಆಗ ನಿಜಾಮರ ಮುಲುಕು. ಅಲ್ಲಿಯ ರೊಕ್ಕ ಬೇರೆ, ಕಚೇರಿಯ ಭಾಷೆ ಬೇರೆ. ಹೊರಡುವ ದಿನ ನಮ್ಮ ಅಜ್ಜಿ "ಪರದೇಶಕ್ಕ ಹೊಂಟ್ರಲ್ಲೋ ಯಪ್ಪಾ" ಎಂದು ಅತ್ತಿದ್ದಳಂತೆ. ಗಡಿಯ ಸುಂಕದ ನಾಕಾದಲ್ಲಿ ಸಿಪಾಯಿ ಟ್ರಂಕು ಬಿಚ್ಚಿಸಿ, ಚುಕ್ಕಿ ಅಕ್ಷರದ ಹಾಳೆಗಳನ್ನು ಬಿಸಿಲಿಗೆ ಹಿಡಿದು ನೋಡಿ, "ಹುಳಾ ತಿಂದ ಕಾಗದಕ್ಕ ಸುಂಕ ಇಲ್ಲ, ಹೋಗ್ರಿ ಮಾಸ್ತರ" ಎಂದನಂತೆ. ಅಪ್ಪ ಇದನ್ನು ಸಾಯುವ ತನಕ ಹೇಳಿ ಹೇಳಿ ನಗುತ್ತಿದ್ದರು.

ಆ ಮಕ್ಕಳಲ್ಲಿ ತಾವರಗೇರಾದ ನೀಲವ್ವ ದೊಡ್ಡವಳು. ನಾನಿನ್ನೂ ಲಂಗದ ಹುಡುಗಿ, ಅವಳಾಗಲೇ ಸೀರೆ ಉಡುತ್ತಿದ್ದಳು. ಸಿಡುಬಿನಲ್ಲಿ ಕಣ್ಣು ಹೋಗಿದ್ದವು. ಒಕ್ಕಲುತನದ ಮನೆ, ಉಣ್ಣಲು ಉಡಲು ಕೊರತೆಯಿರಲಿಲ್ಲ. ಆದರೆ ಅಲ್ಲಿ ಅವಳನ್ನು ಒಂದು ಮೂಲೆಯಲ್ಲಿ ಕೂರಿಸಿ, ಹೊತ್ತಿಗೆ ಸರಿಯಾಗಿ ತಾಟು ಮುಂದಿಟ್ಟು ಹೋಗುತ್ತಿದ್ದರು, ಅಷ್ಟೇ. ಅಪ್ಪನ ಚುಕ್ಕಿ ಅಕ್ಷರವನ್ನು ಚಟಪಟ ಓದುತ್ತಿದ್ದವಳ ಜೀವವೆಲ್ಲ ಮನೆಯ ಕಡೆಗೇ ಇತ್ತು. ಒಂದು ದಿನ ಅವ್ವನ ಸೆರಗು ಹಿಡಿದುಕೊಂಡಳು. "ನನಗ ರೊಟ್ಟಿ ಮಾಡೂದು ಕಲಿಸ್ರಿ ಟೀಚರಮ್ಮಾರ. ರೊಟ್ಟಿ ಬಂದ್ರ ನಾ ಮನಿಗೆ ಹೋಗಾಕಿ. ಮೂಲ್ಯಾಗ ಕುಂದ್ರಾಕಲ್ಲ, ಒಲಿ ಮುಂದ ಕುಂದ್ರಾಕ." ರೊಟ್ಟಿ ಬಡಿಯಲು ಬಾರದವಳನ್ನು ನಮ್ಮ ಕಡೆ ಮನೆಯ ಹೆಂಗಸೆಂದು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ, ನೀವೇ ಹೇಳಿ!

ಆದರೆ ಕುರುಡು ಮಕ್ಕಳು ಬೆಂಕಿಯ ಹತ್ತಿರ ಸುಳಿಯಕೂಡದೆಂದು ಮಿಸ್ಸಮ್ಮನವರ ಕಟ್ಟಪ್ಪಣೆ. ಅವರು ಕಡಲಾಚೆಯ ಸೀಮೆಯಿಂದ ಬಂದು ಆ ಶಾಲೆ ಕಟ್ಟಿದವರು, ಮಕ್ಕಳಿಗೆ ಜ್ವರ ಬಂದರೆ ತಾವೇ ಉಪವಾಸ ಕೂರುವ ಜೀವ. ಕೇಳಲು ಹೋದ ಅವ್ವನಿಗೆ "ಬೆರಳು ಸುಟ್ಟರೆ ಅವಳು ಯಾವುದರಿಂದ ಓದುವಳು, ಮಾರ್ಥಾ?" ಎಂದರು. ಅವ್ವ ಏನು ಕಡಿಮೆಯವಳೇ? "ಖರೆ ಅಮ್ಮಾರ. ಆದ್ರ ಓದಿಕೋತ ಮೂಲ್ಯಾಗ ಕುಂದ್ರಬೇಕೇನ್ರಿ ಅಕಿ? ಮೊದಲ ನನ್ನ ಬೆರಳು ಸುಡ್ಲಿ, ನೋಡೂಣು" ಎಂದು ಎದ್ದು ಬಂದಳು. ಮರುದಿನದಿಂದ ಅಪ್ಪನ ಹಳೆಯ ಧೋತರದ ತುಂಡನ್ನು ಕಣ್ಣಿಗೆ ಬಿಗಿದುಕೊಂಡು ಒಲೆಯ ಮುಂದೆ ಕೂತಳು. ಅಬ್ಬಬ್ಬಾ, ಆ ದಿನಗಳ ರೊಟ್ಟಿ! ಒಂದು ಕಡೆ ಹಸಿ, ಇನ್ನೊಂದು ಕಡೆ ಇದ್ದಿಲು. ಅಪ್ಪ ಮಜ್ಜಿಗೆಯಲ್ಲಿ ಮುಳುಗಿಸಿ ನುಂಗುತ್ತಿದ್ದರು. ನಾನು ಮುಖ ಸಿಂಡರಿಸಿದರೆ "ತಿನ್ನ, ಇದು ನಿಮ್ಮವ್ವನ ಸಾಲಿ" ಎನ್ನುತ್ತಿದ್ದರು. ಅವ್ವನ ಮುಂಗೈ ತುಂಬ ಬೊಬ್ಬೆ. ಬರಬರುತ್ತ ಅವಳಿಗೆ ಗುಟ್ಟು ಸಿಕ್ಕಿತು. ಹಿಟ್ಟು ದಪ್ಪವಿದ್ದಾಗ ಬಡಿಯುವ ಸದ್ದು ಮೊದ್ದು, ತೆಳುವಾದಂತೆ ಅದು ಚುರುಕಾಗುತ್ತದೆ. ಹಂಚಿನ ಕಾವನ್ನು ಮೇಲಿಂದಲೇ ಅಂಗೈ ಹೇಳುತ್ತದೆ, ಮಗುಚುವ ಹೊತ್ತನ್ನು ಮೂಗು ಹೇಳುತ್ತದೆ. ಒಂದು ಮುಂಜಾನೆ ಮಿಸ್ಸಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು, ಒಂದು ಬಿಸಿ ರೊಟ್ಟಿ ಮುರಿದು ತಿಂದರು. "ನೀಲವ್ವನನ್ನು ಕರೆ, ಮಾರ್ಥಾ" ಎಂದರು.

ಸುಗ್ಗಿಯ ಹೊತ್ತಿಗೆ ನೀಲವ್ವನಿಗೂ ರೊಟ್ಟಿ ಬಡಿಯಲು ಬಂತು. ಸುಗ್ಗಿ ಮುಗಿದ ಮೇಲೆ ಅವಳ ಅಣ್ಣ ಶಿವಪ್ಪ ಅವಳನ್ನು ನೋಡಿ ಹೋಗಲು ಬಂದ. ಅವಳನ್ನು ಮನೆಗೆ ಕರೆದೊಯ್ಯುವ ಸಂಗತಿ ಅವ್ವ ತೆಗೆದದ್ದೇ ತಡ, ಗಾಬರಿಬಿದ್ದ. "ಒಲಿ ಮುಂದ ಕುಂದ್ರಿಸಿ ಸುಟ್ಟುಕೊಂಡ್ಲಂದ್ರ ಊರ ಮಂದಿ ನನ್ನ ಮಾರಿಗೆ ಉಗುಳ್ತಾರ್ರಿ. ಇಲ್ಲೇ ಛಲೋ ಅದಾಳ, ಇರ್ಲಿ ಬಿಡ್ರಿ." ಕಂಬದ ಮರೆಯಿಂದ ನೀಲವ್ವನೇ ಮಾತಾಡಿದಳು: "ಒಂದ ಹೊತ್ತು ಮಾಡ್ತೀನಿ ಅಣ್ಣಾ. ಉಂಡು ಬ್ಯಾಡ ಅಂದ್ರ ತಿರುಗಿ ಬರ್ತೀನಿ, ಮತ್ತ ಕೇಳಂಗಿಲ್ಲ." ಅವಳು ಹಾಗೆ ತನ್ನ ಬಾಳನ್ನೇ ಒಂದು ಊಟಕ್ಕೆ ಒಡ್ಡಿದಳು.

ಶಿವಪ್ಪ ಒಪ್ಪಿದ. ಅವನ ಬಂಡಿಯಲ್ಲೇ ಅವ್ವ, ನಾನು, ನೀಲವ್ವ ತಾವರಗೇರಾಕ್ಕೆ ಹೋದೆವು. ಒಲೆಯ ಹತ್ತಿರ ತಾನು ಕೂತು ಮೊದಲ ಬಾರಿಗೆ ಎಲ್ಲ ತೋರಿಸಿಕೊಡುತ್ತೇನೆಂದು ಅವ್ವ ಎಣಿಸಿದ್ದಳು. ಕಾಂಪೌಂಡಿನಲ್ಲಿ ಎಲ್ಲ ಜಾತಿಯವರ ಜೊತೆ ಒಂದೇ ಸಾಲಿನಲ್ಲಿ ಉಂಡು ಉಂಡು ಅವಳಿಗೆ ಊರ ಪದ್ಧತಿಯೇ ಮರೆತುಹೋಗಿತ್ತು. ನಾವು ಕ್ರೈಸ್ತರು; ಆ ಮನೆಯವರು ಕಟ್ಟೆಯ ಮೇಲೆ ಕಂಬಳಿ ಹಾಸಿ ಮರ್ಯಾದೆಯಿಂದ ಕೂರಿಸಿದರು, ಒಳಗೆ ಕರೆಯಲಿಲ್ಲ. ನೀಲವ್ವನನ್ನು ಮೀಯಿಸಿ ಅವಳ ತಾಯಿ ಅಡುಗೆಮನೆಗೆ ಕರೆದೊಯ್ದಳು. ಹುಟ್ಟಿದ ಮನೆಯೇ, ಆದರೆ ಆ ಒಲೆಯನ್ನು ಅವಳು ಒಮ್ಮೆಯೂ ಮುಟ್ಟಿದವಳಲ್ಲ. ಒಳಗೆ ಏನೋ ಢಣ್ ಎಂದು ಬಿತ್ತು, ತಾಯಿ "ಯವ್ವಾ!" ಎಂದು ಚೀರಿದಳು. ಶಿವಪ್ಪ ಎದ್ದ. ಅವ್ವ ಹೊಸ್ತಿಲ ತನಕ ಓಡಿ ಅಲ್ಲೇ ನಿಂತುಬಿಟ್ಟಳು, ಕಾಲು ಒಳಗಿಡುವಂತಿಲ್ಲ. ಆಗ ನೀಲವ್ವನ ದನಿ ಕೇಳಿತು: "ಯಾರೂ ಬರಬ್ಯಾಡ್ರಿ, ಮುಚ್ಚಳ ಬಿತ್ತು. ಒಲಿ ಸುತ್ತ ಎಲ್ಲೆಲ್ಲಿ ಏನೈತಿ ಕೈಯಾಡಿಸಿ ನೋಡಾಕತ್ತೀನಿ." ತುಸು ಹೊತ್ತಿಗೆ ಬಡಿಯುವ ಸದ್ದು ಶುರುವಾಯಿತು. ಮೊದ್ದಾಗಿತ್ತು, ಆಮೇಲೆ ಚುರುಕಾಯಿತು. "ಹಾಂ, ತೆಳುವಾತು. ಹಾಕು, ಹಂಚಿಗೆ ಹಾಕು ನನ್ನವ್ವ" ಎಂದು ಅವ್ವ ತನ್ನಷ್ಟಕ್ಕೆ ಪಿಸುಗುಟ್ಟುತ್ತಿದ್ದಳು, ಕಣ್ಣಲ್ಲಿ ನೀರು ದಳದಳ.

ಶಿವಪ್ಪ ಪಡಸಾಲೆಯಲ್ಲಿ ಉಣ್ಣಲು ಕೂತ. ತಲೆ ಎತ್ತದೆ ಒಂದು ರೊಟ್ಟಿ ತಿಂದ. ಆಮೇಲೆ ತಾಟು ಮುಂದೆ ಸರಿಸಿ, "ಇನ್ನೊಂದು ನೀಡವಾ ತಂಗಿ" ಎಂದ. ಅವನ ತಾಯಿ ಸೆರಗನ್ನು ಬಾಯಿಗಿಟ್ಟು ಅತ್ತಳು.

ಅವರ್ಯಾರೂ ಈಗಿಲ್ಲ. ಅಣ್ಣನ ಮಕ್ಕಳು ಮೊಮ್ಮಕ್ಕಳಿಗೆಲ್ಲ ಮಾಡಿ ಹಾಕಿ ನೀಲವ್ವ ಹೋದಳು, ಮಿಸ್ಸಮ್ಮ, ಅಪ್ಪ, ಅವ್ವ ಎಲ್ಲರೂ ಹೋದರು. ಕಾಂಪೌಂಡಿನ ಗೋಡೆ ಎಲ್ಲಿತ್ತೆಂದು ಹೇಳುವವರೂ ಸಿಗುವುದಿಲ್ಲ. ನನಗೆ ಉಳಿದಿರುವುದು ಆ ಮಧ್ಯಾಹ್ನದ ಹೆಮ್ಮೆ. ನೀಲವ್ವ ಬಾಗಿಲ ಚೌಕಟ್ಟು ತಡವುತ್ತ ತಾನೇ ಹೊರಗೆ ಬಂದು, ಮನೆಯೊಡತಿಯ ಗತ್ತಿನಲ್ಲಿ "ಟೀಚರಮ್ಮಾರ, ಊಟ ಮಾಡ್ರಿ" ಎಂದು ಕಟ್ಟೆಯ ಮೇಲೆ ತಾಟು ಇಟ್ಟಳು. ಕಣ್ಣು ಮುಚ್ಚಿ ದೇವರಿಗೆ ಸ್ತೋತ್ರ ಹೇಳದೆ ನಮ್ಮವ್ವ ಜನ್ಮದಲ್ಲಿ ತುತ್ತು ಎತ್ತಿದವಳಲ್ಲ. ಆವತ್ತು ಕಣ್ಣು ಮುಚ್ಚಲಿಲ್ಲ. ನೀಲವ್ವನ ಮುಖವನ್ನೇ ನೋಡುತ್ತ ರೊಟ್ಟಿ ಮುರಿದಳು.